ಡಿಸೆಂಬರಿಗೆ ಆರ್ಕ್ಟಿಕ್ ಕಾಡು, ಮೂರು ರಾತ್ರಿ ಟೆಂಟು: ತಿಳಿದವರು ಪ್ಲ್ಯಾನ್ ನೋಡಿ ಹೇಳ್ರಿ

ವಿದ್ಯಾನಗರ_ಹುಬ್ಬಳ್ಳಿ:

ನಮಸ್ಕಾರ್ರೀ ಎಲ್ಲಾರಿಗೂ. ನಾವು ನಾಲ್ಕು ಮಂದಿ, ವಯಸ್ಸು 29ರಿಂದ 54. ಡಿಸೆಂಬರ್ ಕೊನೇ ವಾರ ಫಿನ್‌ಲ್ಯಾಂಡಿನ ಲ್ಯಾಪ್‌ಲ್ಯಾಂಡಿಗೆ ಹೋಗಬೇಕಂತ ಮಾಡೇವಿ. ರೊವಾನಿಯೆಮಿಯೊಳಗ ಎರಡು ದಿನ, ಅಲ್ಲಿಂದ ಉತ್ತರಕ್ಕ ಇನಾರಿ ಕಡೆ ಹೋಗಿ ಕಾಡಿನ್ಯಾಗ ಮೂರು ರಾತ್ರಿ ಟೆಂಟ್ ಹಾಕೋದು, ಸ್ನೋಶೂ (ಹಿಮದಾಗ ಕಾಲು ಹೂಳಬಾರದಂತ ಬೂಟಿಗೆ ಕಟ್ಟೋ ಅಗಲ ಚೌಕಟ್ಟು) ಕಟ್ಟಿಕೊಂಡು ಅಡ್ಡಾಡೋದು, ಅರೋರಾ (ರಾತ್ರಿ ಆಕಾಶದಾಗ ಕುಣಿಯೋ ಬಣ್ಣದ ಬೆಳಕು) ನೋಡೋದು. ಪ್ಯಾಕೇಜ್ ಟೂರ್ ಬ್ಯಾಡ ಅಂತ ಎಲ್ಲಾರೂ ಒಪ್ಪ್ಯಾರ. ಕುದುರೆಮುಖ, ದಾಂಡೇಲಿ, ಕಪ್ಪತಗುಡ್ಡ ನಡೆದವರಿದ್ದೇವಿ, ಆದ್ರ ಹಿಮದಾಗ ಯಾರೂ ನಡೆದಿಲ್ಲ.

ಕೇಳೋದು ಏನಂದ್ರ: ಟೆಂಟ್ ನಡೀತದೇನ್ರಿ? ಬಟ್ಟಿ, ಬೂಟು ಇಲ್ಲೇ ತಗೋಬೇಕೋ, ಅಲ್ಲಿ ಹೋಗಿ ತಗೋಬೇಕೋ? ನಮ್ಮ ಸಣ್ಣ ಗ್ಯಾಸ್ ಸ್ಟೋವ್ ಅಷ್ಟು ಥಂಡಿಯಾಗ ಉರೀತದೇನು? ಇಬ್ಬರು ಪಕ್ಕಾ ಸಸ್ಯಾಹಾರಿ, ಅದಕ್ಕ ಖಟಕ್ ರೊಟ್ಟಿ, ಚಟ್ನಿಪುಡಿ, ಪೇಡೆ, ತುಪ್ಪ ಕಟ್ಟಿಕೊಂಡು ಹೋಗೋ ವಿಚಾರ ಅದ. ಒಬ್ಬರಿಗೆ ಶುಗರ್, ಇನ್ಸುಲಿನ್ ತಗೋತಾರ. ವೀಸಾ ಕೆಲಸ ಯಾವಾಗ ಚಾಲೂ ಮಾಡಬೇಕು ಅನ್ನೋದನ್ನೂ ಹೇಳ್ರಿ.

ಕಪ್ಪತಗುಡ್ಡ_ಗದಗ:

ಮೊದಲು ತಾರೀಖು ಬದಲಿ ಮಾಡ್ರಿ, ಉಳಿದದ್ದು ಆಮ್ಯಾಲ ನೋಡೂಣು.

ನೀವು ಹೋಗೋ ಕಡೆಯ ಊರು, ಸಾರಿಸೆಲ್ಕಾ, ಇವಾಲೋ, ಇನಾರಿ ಎಲ್ಲಾ 68ರಿಂದ 69 ಡಿಗ್ರಿ ಉತ್ತರ ಅಕ್ಷಾಂಶದಾಗ ಅದಾವು. ಡಿಸೆಂಬರ್ ಮೊದಲನೇ ವಾರದಿಂದ ಜನವರಿ ಎರಡನೇ ವಾರದ ತನಕಾ ಅಲ್ಲಿ ಸೂರ್ಯ ಹುಟ್ಟೋದ ಇಲ್ಲ. ನಡು ಮಧ್ಯಾಹ್ನ ಮೂರ್ನಾಲ್ಕು ತಾಸು ನೀಲಿ ಬೆಳಕು, ಮುಂದ ಕತ್ತಲಿ. ಹಿಮದಾಗ ಒಮ್ಮೆನೂ ನಡೀದವರು ಟೆಂಟ್ ಹೊಡದು, ಹಿಮ ಕರಗಿಸಿ, ಅಡಗಿ ಮಾಡಿ, ಹಾದಿ ಹುಡುಕೋದು ಎಲ್ಲಾ ಹೆಡ್‌ಲ್ಯಾಂಪಿನ ಬೆಳಕಿನಾಗ ಆಗಬೇಕು. ಹೊಸ ಹಿಮ ಇನ್ನೂ ಬಿಗದಿರಂಗಿಲ್ಲ, ಸ್ನೋಶೂ ಇದ್ರೂ ಮೊಣಕಾಲು ಮಟ ಹೋಗತೈತಿ. ಕೆರಿ ಮ್ಯಾಲಿನ ಐಸೂ ಹೊಸದು. ಇದರ ಮ್ಯಾಲ ಕ್ರಿಸ್ಮಸ್ ವಾರದ ರೇಟು, ಇಡೀ ವರ್ಷದಾಗ ಅದ ಎಲ್ಲಕ್ಕಿಂತ ತುಟ್ಟಿ.

ಮಾರ್ಚ್ ಎರಡನೇ ವಾರದಿಂದ ತಿಂಗಳ ಕೊನೀ ತನಕಾ ಹೋಗ್ರಿ. ಆಗ ಹಗಲು ಹೆಚ್ಚುಕಡಿಮಿ 12 ತಾಸು ಸಿಗತೈತಿ. ಹಗಲು ಮೈನಸ್ 5, ರಾತ್ರಿ ಮೈನಸ್ 15–20 ಅಂತ ಲೆಕ್ಕ ಇಟ್ಕೋರಿ, ಆದ್ರ ಒಂದೊಂದು ರಾತ್ರಿ ಮೈನಸ್ 30ಕ್ಕ ಇಳಿದ್ರೂ ತಡಕೊಳ್ಳೋ ತಯಾರಿ ಇರಲಿ. ಹಿಮ ಗಟ್ಟಿ, ಹಾದಿ ತುಳದು ತಯಾರಾಗಿರತಾವು. ಅರೋರಾಕ್ಕ ಬೇಕಾದ ಕತ್ತಲಿನೂ ಐತಿ. ಮಾರ್ಚ್ ಮತ್ತು ಸೆಪ್ಟೆಂಬರದಾಗ ಹಗಲು ರಾತ್ರಿ ಸಮ ಇರೋ ಹೊತ್ತಿಗೆ ಭೂಮಿಯ ಕಾಂತಕ್ಷೇತ್ರ, ಸೌರಗಾಳಿಯ (ಸೂರ್ಯನಿಂದ ಹರಿದು ಬರೋ ಕಣಗಳ) ಕಾಂತಕ್ಷೇತ್ರ ಒಂದಕ್ಕೊಂದು ಸಲೀಸಾಗಿ ಕೂಡತಾವು, ಹಿಂಗಾಗಿ ಆ ತಿಂಗಳದಾಗ ಅರೋರಾ ಜಾಸ್ತಿ. ಏಪ್ರಿಲ್ ಅರ್ಧ ದಾಟಿತಂದ್ರ ರಾತ್ರಿ ಕತ್ತಲಿ ಆಗೋದ ಇಲ್ಲ, ಅದಕ್ಕ ಭಾಳ ತಡಾನೂ ಮಾಡಬ್ಯಾಡ್ರಿ. ಕ್ಯಾಲೆಂಡರ್ ನೋಡಿ ಅಮಾಸಿ ಆಸುಪಾಸಿನ ವಾರ ಹಿಡೀರಿ. ಹುಣ್ಣಿಮಿ ಬೆಳಕು ಹಿಮದ ಮ್ಯಾಲ ಬಿದ್ದು ತೆಳು ಅರೋರಾನ್ನ ನುಂಗಿಬಿಡತೈತಿ.

ರೊವಾನಿಯೆಮಿಯಾಗ ಎರಡು ದಿನ ಯಾಕ? ಅದು ಊರು, ಲೈಟಿನ ಬೆಳಕು ಭಾಳ, ಆರ್ಕ್ಟಿಕ್ ವೃತ್ತಕ್ಕಿಂತ ತುಸು ದಕ್ಷಿಣಕ್ಕ ಐತಿ. ಸಾಂಟಾ ಕ್ಲಾಸ್ ನೋಡೋ ಹುಡುಗ್ರು ನಿಮ್ಮ ಜೋಡಿ ಇಲ್ಲ. ಹೆಲ್ಸಿಂಕಿಯಿಂದ ಇವಾಲೋಕ್ಕ ವಿಮಾನ ಒಂದೂವರೆ ತಾಸಿನ ಮ್ಯಾಲ ತುಸು. ರೊಕ್ಕ ಉಳಿಸಬೇಕಂದ್ರ ಹೆಲ್ಸಿಂಕಿ–ರೊವಾನಿಯೆಮಿ ರಾತ್ರಿ ಟ್ರೇನ್ ಹಿಡೀರಿ, ಸುಮಾರು 12 ತಾಸು. ಅಲ್ಲಿಂದ ಸಾರಿಸೆಲ್ಕಾಕ್ಕ 260 ಕಿ.ಮೀ. ಬಸ್ಸು.

ಟೆಂಟ್ ಬ್ಯಾಡ. ಸಾರಿಸೆಲ್ಕಾ ಇಲ್ಲಾ ಕೀಲೋಪಾದಾಗ ಠಿಕಾಣಿ ಮಾಡ್ರಿ. ಎರಡೂ ಉರ್ಹೋ ಕೆಕ್ಕೊನೆನ್ ರಾಷ್ಟ್ರೀಯ ಉದ್ಯಾನದ ಬಾಗಿಲದಾಗ ಅದಾವು. 1983ರಾಗ ಮಾಡಿದ ಉದ್ಯಾನ ಅದು, 2,550 ಚದರ ಕಿ.ಮೀ. ಮೊದಲ ಎರಡು ದಿನ ಗುರುತು ಹಾಕಿದ ಹಾದಿಯಾಗ ಸ್ನೋಶೂ ಕಟ್ಟಿ ರುಮಾಕುರು, ಲುವುಲಂಪಿ ಕಡೆ ಹೋಗಿ ಬರ್ರಿ. ಅಲ್ಲಿ ಹಗಲು ಹೊತ್ತು ಕುಂದರಾಕ ಗುಡಿಸಲು ಅದಾವು. ಸ್ನೋಶೂದಾಗ ತಾಸಿಗೆ 2 ಕಿ.ಮೀ. ಅಂತ ಹಿಡೀರಿ, ಕುದುರೆಮುಖದ ಲೆಕ್ಕ ಅಲ್ಲಿ ಹಿಡಿಯಾಕ ಬರಂಗಿಲ್ಲ. ಮೂರನೇ ದಿನ ಕಾಲು ಹೊಂದಿಕೊಂಡ್ವು ಅಂದ್ರ ಒಂದು ರಾತ್ರಿ, ಬೇಕಂದ್ರ ಎರಡು ರಾತ್ರಿ, ಕಾಡಿನ ಗುಡಿಸಲದಾಗ ಇರ್ರಿ.

ಗುಡಿಸಲದಾಗ ಎರಡು ನಮೂನಿ. ಒಂದು 'ಆವ್ಟಿಯೋತುಪಾ', ಬಾಗಿಲಾ ತೆರೆದಿರತೈತಿ, ರೊಕ್ಕ ಇಲ್ಲ, ಬುಕಿಂಗ್ ಇಲ್ಲ, ಒಂದೋ ಎರಡೋ ರಾತ್ರಿ ಇರಬಹುದು. ಇನ್ನೊಂದು 'ವಾರಾವುಸ್‌ತುಪಾ', ಮುಂಚೆ ರೊಕ್ಕ ಕಟ್ಟಿ ಬುಕ್ ಮಾಡಿ ಕೀಲಿ ಇಸ್ಕೊಳ್ಳೋದು. ನೋಡಿಕೊಳ್ಳೋದು ಅಲ್ಲಿಯ ಸರ್ಕಾರಿ ಅರಣ್ಯ ಸಂಸ್ಥೆ ಮೆಟ್ಸಾಹಲ್ಲಿಟುಸ್. ತೆರೆದ ಗುಡಿಸಲದ ರಿವಾಜು ನಮ್ಮ ಧರ್ಮಶಾಲೆಯಂಗಲ್ಲ: ಕಡೀಕ ಬಂದವನಿಗೆ ಜಾಗಾದ ಹಕ್ಕು ಮೊದಲು, ಮೊದಲ ಬಂದು ವಿಶ್ರಾಂತಿ ತಗೊಂಡವ ಜಾಗಾ ಬಿಡಬೇಕು. ಹೊಸಬರು ನೀವು ನಾಲ್ಕು ಮಂದಿ ಇದ್ದೀರಿ, ಅದಕ್ಕ ಬುಕ್ ಮಾಡೋ ಗುಡಿಸಲಾನ ಛಲೋ. ಎರಡರಾಗೂ ಕಟ್ಟಿಗಿ ಒಲಿ ಇರತೈತಿ. ಹೋಗೋ ಮುಂದ ಒಳಗ ಒಣ ಕಟ್ಟಿಗಿ ಸೀಳಿ ಇಟ್ಟು ಹೋಗಬೇಕು, ನೀವು ಬಂದಾಗ ಇದ್ದಷ್ಟರ. ಕೆಂಡ ಪೂರ್ತಿ ಆರೋ ತನಕಾ ಒಲಿಯ ಹೊಗಿಕೊಳವಿಯ ತಗಡು ಮುಚ್ಚಬ್ಯಾಡ್ರಿ, ಕೆಂಡದಿಂದ ಬರೋ ವಿಷಗಾಳಿ ಕಾರ್ಬನ್ ಮೊನಾಕ್ಸೈಡಿಗೆ ವಾಸನಿನೂ ಇಲ್ಲ, ಬಣ್ಣಾನೂ ಇಲ್ಲ.

ಆಮ್ಯಾಲ, ಕೆರಿ ಅಡ್ಡ ಹೋಗಬೇಕಾದ್ರ ಸ್ನೋಮೊಬೈಲ್ (ಹಿಮದ ಮ್ಯಾಲ ಓಡೋ ಮೋಟಾರ್ ಗಾಡಿ) ತುಳದ ಹಾದಿ ಬಿಡಬ್ಯಾಡ್ರಿ. ಹೊಳಿ ಕೆರಿಗೆ ಕೂಡೋ ಬಾಯಿ, ಹೊರಗ ಹೋಗೋ ಬಾಯಿ, ಜೊಂಡು ಬೆಳೆದ ದಂಡಿ, ಸೇತುವಿ ಕೆಳಗ, ಇಲ್ಲೆಲ್ಲಾ ನಡು ಚಳಿಗಾಲದಾಗೂ ಐಸ್ ತೆಳು ಇರತೈತಿ. ಮ್ಯಾಲ ದಪ್ಪ ಹಿಮ ಬಿದ್ದಿದ್ರ ಕಣ್ಣಿಗೆ ಕಾಣಂಗಿಲ್ಲ, ಮತ್ತ ಆ ಹಿಮಾನ ಹೊದಿಕಿ ಆಗಿ ಐಸ್ ಬೆಳ್ಯಾಕ ಬಿಡಂಗಿಲ್ಲ.

ಸಾಧನಕೇರಿ_ದಂಡಿ:

ಕಪ್ಪತಗುಡ್ಡ ಅವರು ಹೇಳಿದ್ದಕ್ಕ ನನ್ನದೂ ಹೂಂ. ಮಾರ್ಚಿನಾಗ ಹೋದ್ರ ಒಂದು ಜಾಸ್ತಿ ಸಾಮಾನು ಬೇಕು, ಕಪ್ಪು ಕನ್ನಡಕ. ಹೊಸ ಹಿಮ ಅಲ್ಟ್ರಾವಯಲೆಟ್ ಕಿರಣದ 80 ಪರ್ಸೆಂಟಿನಷ್ಟು ತಿರುಗಿಸಿ ಮುಖಕ್ಕ ಹೊಡೀತದ. ಮೂಗಿನ ಕೆಳಗ, ಗದ್ದದ ಕೆಳಗೂ ಸನ್‌ಸ್ಕ್ರೀನ್ ಹಚ್ಚಬೇಕು.

ಬಟ್ಟಿ ವಿಷಯಕ್ಕ ಬರೋಣ. ಅಲ್ಲಿ ಮಂದಿಗೆ ತ್ರಾಸ ಆಗೋದು ಬಟ್ಟಿ ಕಡಿಮಿ ಹಾಕ್ಕೊಂಡದ್ದರಿಂದ ಅಲ್ಲ, ಹೆಚ್ಚು ಹಾಕ್ಕೊಂಡು ನಡದು ಬೆವತದ್ದರಿಂದ. ಬೆವರು ಬಟ್ಟಿಯೊಳಗ ನಿಂತಿತಂದ್ರ, ನಿಂತು ಹತ್ತು ನಿಮಿಷಕ್ಕ ಮೈ ಗಡಗಡ ನಡಗತದ. ಅದಕ್ಕ ಹೊರಡೋ ಮುಂದ ಸ್ವಲ್ಪ ಥಂಡಿ ಹತ್ತೋ ಹಂಗ ಹೊರಡ್ರಿ. ಹತ್ತು ನಿಮಿಷ ನಡದ ಮ್ಯಾಲ ಮೈ ಬೆಚ್ಚಗ ಆಗತದ. ಬೆವರು ಬರೋ ಮೊದಲ ಜಿಪ್ ಇಳಿಸ್ರಿ, ಟೊಪ್ಪಿಗಿ ತಗೀರಿ. ನಿಂತ ತಕ್ಷಣ ದಪ್ಪ ಜಾಕೆಟ್ ಮ್ಯಾಲ ಏರಿಸ್ರಿ. ಈ ಏರಿಸೋದು ಇಳಿಸೋದು ದಿನಕ್ಕ ಇಪ್ಪತ್ತು ಸಲ ಆದ್ರೂ ಬ್ಯಾಸರ ಮಾಡ್ಕೋಬಾರದು.

ಮೈಗೆ ಹತ್ತೋ ಪದರು ಮೆರಿನೋ ಉಣ್ಣಿದು ಇರಲಿ, ಅಂಗಿ ಎರಡು, ಪೈಜಾಮ ಎರಡು. ಹತ್ತಿ ಬನಿಯನ್, ಹತ್ತಿ ಕಾಲುಚೀಲ, ಜೀನ್ಸ್ ಮೂರೂ ಹುಬ್ಬಳ್ಳಿಯಾಗ ಬಿಟ್ಟು ಹೋಗ್ರಿ. ಹತ್ತಿ ನೀರು ಕುಡದು ಹಿಡಕೊಂಡು ಕುಂದರತದ. ಅದರ ಮ್ಯಾಲ ಫ್ಲೀಸ್ ಇಲ್ಲಾ ಉಣ್ಣಿ ಸ್ವೆಟರ್, ಎಲ್ಲಕ್ಕಿಂತ ಮ್ಯಾಲ ಗಾಳಿ ತಡಿಯೋ ತೆಳು ಜಾಕೆಟ್ ಮತ್ತು ಪ್ಯಾಂಟು. ಥಂಡಿಗಿಂತ ಗಾಳಿ ಕೆಟ್ಟದ್ದು: ಮೈನಸ್ 20ರಾಗ ತಾಸಿಗೆ 30 ಕಿ.ಮೀ. ಗಾಳಿ ಬೀಸಿದ್ರ ಚರ್ಮಕ್ಕ ಅದು ಮೈನಸ್ 33ರ ಲೆಕ್ಕ. ಚಳಿಗಾಲಕ್ಕ ಹುಬ್ಬಳ್ಳಿಯಾಗ ಟಿಬೆಟದವರು ಮಾರೋ ಸ್ವೆಟರ್ ನಡುವಿನ ಪದರಿಗೆ ನಡೀತಾವ, ಆದ್ರ ಅವು ಹೆಚ್ಚಾಗಿ ಆಕ್ರಿಲಿಕ್, ಒಲಿ ಹತ್ರ ಕುಂತಾಗ ಕಿಡಿ ಬಿದ್ರ ಕರಗಿ ಮೈಗೆ ಹತ್ತತಾವ. ಉಳಿದ ದಪ್ಪ ಸಾಮಾನು, ಅಂದ್ರ ಜಾಕೆಟ್, ಬೂಟು, ಸ್ನೋಶೂ ಅಲ್ಲೇ ಬಾಡಗಿಗೆ ತಗೋರಿ. ಒಂದು ವಾರದ ಸಲುವಾಗಿ ಇಷ್ಟು ದುಡ್ಡು ಹಾಕೋದು ಶಾಣ್ಯಾತನ ಅಲ್ಲ.

ಬೂಟು ನಿಮ್ಮ ಅಳತಿಗಿಂತ ಒಂದೂವರಿ ಸೈಜು ದೊಡ್ಡದು ಇರಬೇಕು, ಒಳಗಿನ ನಮದಾ ಪದರು ಹೊರಗ ತಗಿಯೋ ಹಂಗಿರಬೇಕು. ಬಿಗಿ ಬೂಟಿನೊಳಗ ಮೂರು ಜೋಡಿ ಕಾಲುಚೀಲ ತುರುಕಿದ್ರ ರಕ್ತ ಓಡೋದಿಲ್ಲ, ಬೆರಳು ಅಲ್ಲಿಂದನ ಜೋಮು ಹಿಡೀತಾವ. ಒಳಗಿನ ಪದರು ದಿನಾ ರಾತ್ರಿ ತಗದು ಒಲಿ ಹತ್ರ ಒಣಗಿಸ್ರಿ, ಒಲಿ ಮ್ಯಾಲ ಅಲ್ಲ. ಕೈಗೆ ತೆಳು ಉಣ್ಣಿ ಗ್ಲೌಸ್, ಅದರ ಮ್ಯಾಲ ನಾಲ್ಕೂ ಬೆರಳು ಒಂದ ಚೀಲದಾಗ ಇರೋ ಮಿಟನ್. ಮಿಟನ್ನಿಗೆ ದಾರ ಕಟ್ಟಿ ಕೊರಳಿಗೆ ಹಾಕ್ಕೋರಿ, ಗಾಳಿಗೆ ಒಂದು ಹಾರಿ ಹೋತಂದ್ರ ಅವತ್ತಿನ ನಡಿಗಿ ಮುಗೀತು.

ಫ್ರಾಸ್ಟ್‌ಬೈಟ್ (ಥಂಡಿಗೆ ಚರ್ಮ ಹೆಪ್ಪುಗಟ್ಟೋದು) ಮುಖದ ಮ್ಯಾಲ ಆದ್ರ ಆದವರಿಗೆ ಗೊತ್ತಾಗೋದಿಲ್ಲ. ಮೂಗಿನ ತುದಿ, ಗಲ್ಲ, ಕಿವಿ ಮ್ಯಾಲ ಬೆಳ್ಳಗ ಮೇಣದಂಥ ಮಚ್ಚಿ ಕಾಣತದ, ಮುಟ್ಟಿದ್ರ ಅರಿವು ಇರೋದಿಲ್ಲ. ಅದಕ್ಕ ಇಬ್ಬಿಬ್ಬರ ಜೋಡಿ ಮಾಡ್ಕೋರಿ, ಅರ್ಧ ತಾಸಿಗೊಮ್ಮೆ ಒಬ್ಬರ ಮುಖ ಒಬ್ಬರು ನೋಡ್ರಿ. ಮಚ್ಚಿ ಕಂಡ್ರ ಬರಿಗೈ ಅಂಗೈ ಒತ್ತಿ ಹಿಡೀರಿ, ಬೆರಳಾದ್ರ ಬಗಲಾಗ ಇಟ್ಕೋರಿ. ತಿಕ್ಕಬಾರದು, ಹಿಮ ಹಚ್ಚಿ ತಿಕ್ಕೋದಂತೂ ಖರೇನ ಹಾನಿ. ಬೆಂಕಿಗೆ ಹಿಡೀಬಾರದು, ಅರಿವಿಲ್ಲದ ಚರ್ಮ ಸುಟ್ಟರೂ ತಿಳಿಯೋದಿಲ್ಲ. ಆಳಕ್ಕ ಇಳಿದದ್ದಕ್ಕ 37ರಿಂದ 39 ಡಿಗ್ರಿ ಬೆಚ್ಚನ ನೀರು, ಅದೂ ಮತ್ತ ಹೆಪ್ಪುಗಟ್ಟೋದಿಲ್ಲ ಅನ್ನೋ ಖಾತ್ರಿ ಇದ್ರ ಅಷ್ಟ. ಒಮ್ಮೆ ಕರಗಿ ಮತ್ತ ಹೆಪ್ಪುಗಟ್ಟಿದ್ರ ಮೊದಲಿನಕಿಂತ ಹಾನಿ ಜಾಸ್ತಿ. ಯಾರರ ತೊದಲಾಕ, ಎಡವಾಕ ಚಾಲೂ ಮಾಡಿದ್ರ, ನಡಗೋದು ಒಮ್ಮೆಲೆ ನಿಂತ್ರ, ಅದು ಹೈಪೊಥರ್ಮಿಯಾ, ಅಂದ್ರ ಮೈಯೊಳಗಿನ ಶಾಖ ಅಪಾಯದ ಮಟ್ಟಕ್ಕ ಇಳಿದದ್ದು. ಒಣ ಬಟ್ಟಿ, ಸ್ಲೀಪಿಂಗ್ ಬ್ಯಾಗ್, ಎಚ್ಚರಿದ್ದು ನುಂಗಾಕ ಬಂದ್ರ ಸಿಹಿ ಬಿಸಿ ನೀರು, ಮತ್ತ 112ಕ್ಕ ಫೋನು. ಫಿನ್‌ಲ್ಯಾಂಡ್, ಸ್ವೀಡನ್ ಎರಡರಾಗೂ ಅದ ನಂಬರ್. ಫಿನ್‌ಲ್ಯಾಂಡಿನಾಗ '112 ಸುವೋಮಿ' ಆ್ಯಪಿನಿಂದ ಫೋನ್ ಮಾಡಿದ್ರ ನೀವಿರೋ ಜಾಗಾನೂ ಅವರಿಗೆ ಹೋಗತದ.

ಶುಗರ್ ಇದ್ದವರಿಗೆ: ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿತಂದ್ರ ಕರಗಿದ ಮ್ಯಾಲ ನೋಡಾಕ ಸರಿ ಇದ್ರೂ ಚೆಲ್ಲಬೇಕು. ವಿಮಾನದಾಗ ಕೈಚೀಲದಾಗ, ಡಾಕ್ಟರ ಚೀಟಿ ಸಮೇತ. ನಡಿಯೋ ಮುಂದ ಒಳಗಿನ ಅಂಗಿಯ ಕಿಸೆಯೊಳಗ, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗ. ಎರಡನೇ ಪೆನ್ನು ಬ್ಯಾರೆಯವರ ಕಿಸೆಯಾಗ ಇರಲಿ. ಗ್ಲೂಕೋಮೀಟರ್ ಹೆಚ್ಚಿನವು 10 ಡಿಗ್ರಿ ಕೆಳಗ ಎರರ್ ತೋರಸ್ತಾವ, ಅದನ್ನೂ ಮೈಗೆ ಹಚ್ಚಿ ಇಟ್ಕೋಬೇಕು. ದಿನಪೂರ್ತಿ ಹಿಮದಾಗ ನಡದ್ರ ಶುಗರ್ ಇಳೀತದ, ಡೋಸ್ ಎಷ್ಟು ಕಡಿಮಿ ಮಾಡೋದು ಅಂತ ಅವರ ಡಾಕ್ಟರನ್ನ ಕೇಳಿಕೊಂಡ ಹೋಗಲಿ.

ಬ್ಯಾಡಗಿ_ಖಾರ:

ಸ್ಟೋವ್ ಮತ್ತು ಊಟದ ಬಗ್ಗೆ ನಾನು ಹೇಳ್ತೀನಿ.

ಗ್ಯಾಸ್ ಡಬ್ಬಿ ಇಲ್ಲಿಂದ ಒಯ್ಯೋ ಪ್ರಶ್ನೆನೇ ಇಲ್ಲ, ಕೈಚೀಲದಾಗೂ ಲಗೇಜಿನಾಗೂ ವಿಮಾನದವರು ಬಿಡೋದಿಲ್ಲ. ಸ್ಟೋವ್ ಒಯ್ಯಬಹುದು, ಆದರೆ ಇಂಧನದ ವಾಸನೆ ಸಹಿತ ಇರಬಾರದು. ಇನ್ನ ಉರಿಯೋ ಮಾತು. ಬ್ಯೂಟೇನ್ ಮೈನಸ್ 0.5 ಡಿಗ್ರಿಯಲ್ಲಿ ಕುದೀತದೆ, ಐಸೋಬ್ಯೂಟೇನ್ ಸುಮಾರು ಮೈನಸ್ 12ರಲ್ಲಿ, ಪ್ರೊಪೇನ್ ಮೈನಸ್ 42ರಲ್ಲಿ. ಅಂದ್ರೆ ಹೊರಗೆ ಮೈನಸ್ 20 ಇದ್ದಾಗ ಡಬ್ಬಿಯೊಳಗಿನ ಪ್ರೊಪೇನ್ ಒಂದೇ ಆವಿಯಾಗಿ ಮೇಲೆ ಬರ್ತದೆ. ಮೊದಲು ಛಲೋ ಉರೀತದೆ, ಪ್ರೊಪೇನ್ ತೀರಿದ ಮೇಲೆ ಜ್ವಾಲೆ ಸಣ್ಣಗಾಗಿ ಸತ್ತು ಹೋಗ್ತದೆ. ಡಬ್ಬಿ ಅಲುಗಾಡಿಸಿದ್ರೆ ಅರ್ಧಕ್ಕಿಂತ ಹೆಚ್ಚು ದ್ರವ ಕುಲುಕೋದು ಕೇಳ್ತದೆ, ಸುಡೋಕೆ ಬರೋದಿಲ್ಲ. ಡಬ್ಬಿಯ ಮೇಲೆ ನೇರ ಕೂಡೋ ಸ್ಟೋವ್ ಇದಕ್ಕೆ ಉಪಯೋಗ ಇಲ್ಲ. ಗ್ಯಾಸೇ ಬೇಕಂದ್ರೆ ನಳಿಗೆ ಇರೋ ಸ್ಟೋವ್, ನಳಿಗೆ ಬರ್ನರಿನ ಜ್ವಾಲೆಯೊಳಗೆ ಹಾದು ಹೋಗಿರಬೇಕು. ನೆಟ್ಟಗಿಟ್ಟು ಹಚ್ಚಿ, ಒಂದು ನಿಮಿಷ ಬಿಟ್ಟು ಡಬ್ಬಿ ತಲೆಕೆಳಗೆ ಮಾಡಿ. ಆಗ ದ್ರವವೇ ನಳಿಗೆಯೊಳಗೆ ಬಂದು ಬರ್ನರಿನ ಹತ್ರ ಆವಿಯಾಗ್ತದೆ. ಚಳಿಗಾಲದ ಮಿಶ್ರಣದ ಡಬ್ಬಿ ಅಲ್ಲಿ ಅಂಗಡಿಯಲ್ಲಿ ಸಿಗ್ತದೆ, ಅದನ್ನೇ ಕೇಳಿ.

ಮೈನಸ್ 25ರ ಕೆಳಗೂ ನಂಬಿಕೆಗೆ ಇರೋದು ಬಿಳಿ ಪೆಟ್ರೋಲಿನ (ಸ್ಟೋವಿಗಂತಲೇ ಶುದ್ಧ ಮಾಡಿದ ಪೆಟ್ರೋಲ್) ಸ್ಟೋವ್. ನಮ್ಮ ಮನೆಗಳಲ್ಲಿದ್ದ ಹಿತ್ತಾಳೆ ಪಂಪ್ ಸ್ಟೋವ್ ಉರಿಸಿದವರಿಗೆ ಇದು ಬೇರೆ ಕಲಿಸಬೇಕಾಗಿಲ್ಲ: ಪಂಪ್ ಹೊಡೆದು ಒತ್ತಡ ಏರಿಸು, ಬರ್ನರ್ ಬಿಸಿ ಮಾಡು, ನಿಪ್ಪಲ್ ಕಟ್ಟಿದ್ರೆ ಪಿನ್ ಹಾಕು. ಬಿಸಿ ಮಾಡೋವಾಗ ಜ್ವಾಲೆ ಒಂದಡಿ ಏಳ್ತದೆ, ಅದಕ್ಕೆ ಟೆಂಟಿನೊಳಗೆ, ಗುಡಿಸಲೊಳಗೆ ಹಚ್ಚಬಾರದು. ಪಂಪಿನ ವಾಶರ್ ಥಂಡಿಗೆ ಗಟ್ಟಿಯಾಗಿ ಗಾಳಿ ಹಿಡಿಯೋದಿಲ್ಲ, ಒಂದು ಹನಿ ಎಣ್ಣೆ ಬಿಟ್ಟು, ಪಂಪನ್ನ ಜಾಕೆಟಿನೊಳಗೆ ಬೆಚ್ಚಗಿಟ್ಟುಕೊಂಡು ಆಮೇಲೆ ಜೋಡಿಸಿ. ಬಿಳಿ ಪೆಟ್ರೋಲ್ ಮೈನಸ್ 25ರಲ್ಲೂ ನೀರಿನಂಗೇ ಇರ್ತದೆ, ಆದರೆ ಅದೂ ಮೈನಸ್ 25. ಬರಿಗೈ ಮೇಲೆ ಚೆಲ್ಲಿದ್ರೆ ಆವಿಯಾಗ್ತಾ ಇನ್ನೂ ತಂಪು ಮಾಡಿ ಚರ್ಮ ಸುಟ್ಟಂಗೆ ಆಗ್ತದೆ. ಗ್ಲೌಸ್ ಹಾಕಿಯೇ ತುಂಬಿಸಿ.

ಇಂಧನ ಎಷ್ಟು? ಹಿಮ ಕರಗಿಸಿ ಕುಡಿಯೋದಾದ್ರೆ ತಲೆಗೆ ದಿನಕ್ಕೆ 200 ಮಿ.ಲೀ. ಅಂತ ಹಿಡಿಯಿರಿ. ನಾಲ್ಕು ಮಂದಿಗೆ ದಿನಕ್ಕೆ ಸುಮಾರು 14 ಲೀಟರ್ ನೀರು ಬೇಕು. ಪುಡಿ ಹಿಮ ಎಂಟ್ಹತ್ತು ಲೀಟರ್ ಹಾಕಿದ್ರೆ ಒಂದು ಲೀಟರ್ ನೀರು, ಅಂದ್ರೆ ದಿನಕ್ಕೆ 130 ಲೀಟರಿನಷ್ಟು ಹಿಮ ಪಾತ್ರೆಗೆ ಸುರೀಬೇಕು. ಮೇಲಿನ ಪುಡಿ ಬಿಟ್ಟು ಒಂದಡಿ ಕೆಳಗಿನ ಹರಳು ಹಿಮ ತೆಗೀರಿ, ಅದರಲ್ಲಿ ನೀರು ಹೆಚ್ಚು. ಪಾತ್ರೆ ತಳಕ್ಕೆ ಮೊದಲು ಒಂದು ಕಪ್ ನೀರು ಇರಲೇಬೇಕು. ಬರೀ ಹಿಮ ಹಾಕಿ ಬೆಂಕಿ ಹಚ್ಚಿದ್ರೆ ತಳದ ಹಿಮ ಕರಗಿ ಮೇಲಿನ ಹಿಮಕ್ಕೆ ಹೀರಿಕೊಂಡು ಹೋಗಿ, ತಳ ಒಣಗಿ ಸೀಯ್ತದೆ, ನೀರಿಗೆ ಸುಟ್ಟ ವಾಸನೆ ಹತ್ತತದೆ. ಕಟ್ಟಿಗೆ ಒಲೆ ಇರೋ ಗುಡಿಸಲಲ್ಲಿ ಉಳಕೊಂಡ್ರೆ ಈ ಖರ್ಚೆಲ್ಲಾ ಅರ್ಧಕ್ಕೆ ಇಳೀತದೆ. ಟೆಂಟ್ ಬೇಡ ಅನ್ನೋದಕ್ಕೆ ನನ್ನ ಕಾರಣ ಇದೇ.

ಇನ್ನ ಊಟ. ಪೇಡೆ, ತುಪ್ಪ ಎರಡೂ ಬಿಡಿ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಸ್ವಂತ ತಿನ್ನೋಕೂ ಒಯ್ಯೋ ಹಾಗಿಲ್ಲ. ಪೇಡೆ ಅಂದ್ರೆ ಖೋವಾ ತಾನೆ, ಕಸ್ಟಮ್ಸಿನವರು ಕಸದ ಡಬ್ಬಿಗೆ ಹಾಕಿದ್ರೆ ಹೊಟ್ಟೆ ಉರೀತದೆ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ನಿಂಬೆಹಣ್ಣಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅವೂ ಬೇಡ. ಬೆಣ್ಣೆ, ಚೀಸ್ ಅಲ್ಲೇ ತಗೊಳ್ಳಿ, ಸಸ್ಯಾಹಾರಿಗಳಿಗೆ ಆ ಥಂಡಿಯಲ್ಲಿ ಕೊಬ್ಬು ಅಲ್ಲಿಂದಲೇ ಬರಬೇಕು.

ಖಟಕ್ ರೊಟ್ಟಿ ಮಾತ್ರ ಆ ಊರಿಗೆ ಹೇಳಿ ಮಾಡಿಸಿದ್ದು. ನೀರಿನ ಅಂಶ ಇಲ್ಲದ್ದಕ್ಕೆ ಹೆಪ್ಪುಗಟ್ಟೋದಿಲ್ಲ, ಮೈನಸ್ 20ರಲ್ಲೂ ಮುರಿದು ತಿನ್ನಬಹುದು. ಚಪಾತಿ, ಬ್ರೆಡ್ ಕಲ್ಲಾಗ್ತವೆ. ರೊಟ್ಟಿ ಡಬ್ಬಿಯಲ್ಲಿ ಹಾಕಿ, ಚೀಲದಲ್ಲಿ ಪುಡಿಯಾಗ್ತವೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಧಾರಾಳ ಒಯ್ಯಿರಿ. ಶೇಂಗಾ 100 ಗ್ರಾಮಿಗೆ 560ರ ಮೇಲೆ ಕ್ಯಾಲರಿ. ಬೆಲ್ಲದ ಶೇಂಗಾ ಉಂಡಿ ಒಯ್ಯೋದಾದ್ರೆ ಮನೆಯಲ್ಲೇ ಸಣ್ಣ ಸಣ್ಣ ಚೂರು ಮಾಡಿ, ಥಂಡಿಗೆ ಹಲ್ಲು ಮುರಿಯೋ ಹಂಗಾಗ್ತವೆ. ಹಿಮದಲ್ಲಿ ನಡೆಯೋ ದಿನ ತಲೆಗೆ 3,500ರಿಂದ 4,000 ಕ್ಯಾಲರಿ ಬೇಕು, ಒಣ ಪದಾರ್ಥದ ತೂಕದಲ್ಲಿ ಸುಮಾರು 800–900 ಗ್ರಾಂ. ಬೆಳಗ್ಗೆ ಅವಲಕ್ಕಿ ಇಲ್ಲಾ ಮನೆಯಲ್ಲೇ ಎಣ್ಣೆ ಹಾಕಿ ಹುರಿದು ಒಗ್ಗರಣೆ ಕಲಿಸಿಟ್ಟ ರವೆ, ಬಿಸಿನೀರು ಹಾಕಿ ಮುಚ್ಚಿಟ್ರೆ ಸಾಕು. ಮಧ್ಯಾಹ್ನ ಅಡಿಗೆ ಬೇಡ, ಕಿಸೆಯಲ್ಲಿದ್ದದ್ದನ್ನ ತಾಸಿಗೊಮ್ಮೆ ತಿನ್ನೋದು. ರಾತ್ರಿ ಹೆಸರುಬೇಳೆ ಖಿಚಡಿ. ತೊಗರಿಬೇಳೆ ಒಯ್ಯಬೇಡಿ, ಕುಕ್ಕರಿಲ್ಲದೆ ಬೇಯೋ ಹೊತ್ತಿಗೆ ಇಂಧನವೂ ತೀರ್ತದೆ, ತಾಳ್ಮೆಯೂ ತೀರ್ತದೆ.

ಒಂದು ಉಪಾಯ: ಹೊರಡೋ ಮುಂಚೆ ಗುರುತಿನ ಐಸ್‌ಕ್ರೀಮ್ ಅಂಗಡಿಯವರ ಡೀಪ್ ಫ್ರೀಜರಿನಲ್ಲಿ, ಅದು ಮೈನಸ್ 18ರ ಸುತ್ತ ಇರ್ತದೆ, ಒಂದು ರಾತ್ರಿ ನಿಮ್ಮ ಸಾಮಾನು ಇಟ್ಟು ನೋಡಿ. ಲೈಟರ್, ಹೆಡ್‌ಲ್ಯಾಂಪ್, ನೀರಿನ ಬಾಟ್ಲಿ ಮುಚ್ಚಳ, ಬ್ಯಾಗಿನ ಪ್ಲಾಸ್ಟಿಕ್ ಬಕಲ್, ರೊಟ್ಟಿ, ಉಂಡಿ. ಗ್ಲೌಸ್ ಹಾಕಿದ ಕೈಯಿಂದ ಹೊರಗೆ ತೆಗೆದು ಬಕಲ್ ಹಾಕಿ, ಮುಚ್ಚಳ ತಿರುವಿ, ಲೈಟರ್ ಹೊತ್ತಿಸಿ. ಬ್ಯೂಟೇನ್ ಲೈಟರ್ ಹೊತ್ತೋದಿಲ್ಲ, ಆಗ ಕಡ್ಡಿಪೆಟ್ಟಿಗೆ ಬೆಲೆ ಗೊತ್ತಾಗ್ತದೆ. ಪವರ್ ಬ್ಯಾಂಕ್ ತೆಗೆದ ತಕ್ಷಣ ಚಾರ್ಜಿಗೆ ಹಚ್ಚಬೇಡಿ. ಲಿಥಿಯಂ ಬ್ಯಾಟರಿಯನ್ನ ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡಿದ್ರೆ ಒಳಗೆ ಲೋಹದ ಪದರು ಕೂತು ಕಾಯಂ ಕೆಡ್ತದೆ. ಕ್ಯಾಮೆರಾ ಥಂಡಿಯಿಂದ ಬೆಚ್ಚನೆ ಕೋಣೆಗೆ ತರೋ ಮುಂಚೆ ಜಿಪ್ ಚೀಲಕ್ಕೆ ಹಾಕಿ ಮುಚ್ಚಿ, ತೇವ ಚೀಲದ ಮೇಲೆ ಕೂರ್ತದೆ, ಲೆನ್ಸಿನ ಮೇಲೆ ಅಲ್ಲ.

ಕಾಗದಪತ್ರ_ಧಾರವಾಡ:

ವೀಸಾ ಬಗ್ಗೆ. ಷೆಂಗೆನ್ ವೀಸಾಕ್ಕೆ (ಯುರೋಪಿನ ಹೆಚ್ಚಿನ ದೇಶಗಳಿಗೆ ನಡೆಯುವ ಒಂದೇ ವೀಸಾ) ಪ್ರಯಾಣದ ದಿನಕ್ಕಿಂತ 6 ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ಕಡೆಯ ಗಡುವು 15 ದಿನ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಅದನ್ನು 45 ದಿನದವರೆಗೆ ಎಳೆಯಲು ಅವರಿಗೆ ಅಧಿಕಾರವಿದೆ. ಮಾರ್ಚಿಗೆ ಹೊರಡುವುದಾದರೆ ನವೆಂಬರ್–ಡಿಸೆಂಬರದಲ್ಲಿ ಅರ್ಜಿ ಕೊಡಿ. ಶುಲ್ಕ 2024ರ ಜೂನಿನಿಂದ ದೊಡ್ಡವರಿಗೆ 90 ಯುರೋ, ವೀಸಾ ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಹೆಚ್ಚು ರಾತ್ರಿ ಯಾವ ದೇಶದಲ್ಲಿ ಉಳಿಯುತ್ತೀರೋ ಆ ದೇಶಕ್ಕೆ ಅರ್ಜಿ, ರಾತ್ರಿಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ.

ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಿರಬೇಕು, ವಾಪಸ್ ಬರುವ ದಿನದ ನಂತರ ಇನ್ನೂ ಮೂರು ತಿಂಗಳು ಅವಧಿ ಇರಬೇಕು, ಎರಡು ಪುಟ ಖಾಲಿ ಬೇಕು. ನವೀಕರಿಸಬೇಕಾದವರಿಗೆ ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ವೀಸಾಕ್ಕೆ ಬೆರಳ ಗುರುತು ಕೊಡಲು ಬೆಂಗಳೂರಿಗೆ ಹೋಗಬೇಕು. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಹೋಗುವವರು ಅಪಾಯಿಂಟ್‌ಮೆಂಟನ್ನು ಹನ್ನೊಂದರ ಮೇಲೆ ತೆಗೆದುಕೊಳ್ಳಿ, ರೈಲು ತಡವಾದರೆ ಒದ್ದಾಟ ತಪ್ಪುತ್ತದೆ.

ವಿಮೆ ಕನಿಷ್ಠ 30,000 ಯುರೋದ್ದು ಕಡ್ಡಾಯ. ಆದರೆ ವೀಸಾಕ್ಕೆ ಸಾಕಾಗುವ ವಿಮೆ ಕಾಡಿಗೆ ಸಾಕಾಗಬೇಕೆಂದಿಲ್ಲ. ಸ್ನೋಶೂ ನಡಿಗೆ, ನಾಯಿಗಾಡಿ, ಸ್ನೋಮೊಬೈಲ್, ಹೆಲಿಕಾಪ್ಟರ್ ರಕ್ಷಣೆ, ಮೊದಲೇ ಇರುವ ಮಧುಮೇಹ, ಇವುಗಳಲ್ಲಿ ಯಾವುದನ್ನು ಹೊರಗಿಟ್ಟಿದ್ದಾರೆ ಎಂದು ಪಾಲಿಸಿಯ ಸಣ್ಣ ಅಕ್ಷರದ ಪುಟದಲ್ಲಿ ಹುಡುಕಿ. ಸ್ನೋಮೊಬೈಲ್ ಓಡಿಸುವ ಆಸೆಯಿದ್ದರೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಮೂಲ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಿ.

ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ಉದ್ಯಾನದ ಒಳಗೆ ಮೊಬೈಲ್ ಸಿಗ್ನಲ್ ಎಲ್ಲೆಡೆ ಇರುವುದಿಲ್ಲ ಎಂದು ಆನ್‌ಲೈನಿನಲ್ಲಿ ಸ್ಯಾಟಲೈಟ್ ಮೆಸೆಂಜರ್ ಕೊಂಡು ಇಲ್ಲಿಂದ ಒಯ್ಯಬೇಡಿ. ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್, ಮೆಸೆಂಜರ್ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ, ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಸಿಕ್ಕಿಬೀಳುತ್ತೀರಿ. ಅಲ್ಲೇ ಬಾಡಿಗೆಗೆ ಪಡೆದು ಅಲ್ಲೇ ಹಿಂದಿರುಗಿಸಿ.

ವಿದ್ಯಾನಗರ_ಹುಬ್ಬಳ್ಳಿ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಮಾರ್ಚ್ ಮೂರನೇ ವಾರ ಅಂತ ಪಕ್ಕಾ ಮಾಡಿದ್ವಿ, ಟೆಂಟ್ ಕೈಬಿಟ್ವಿ. ಇನ್ನ ಎರಡು ಮಾತು. ನಮ್ಮೊಳಗ ಒಬ್ಬರು ಸ್ವೀಡನ್ನಿನ ಅಬಿಸ್ಕೋ ಛಲೋ ಅಂತಾರ, ಇನ್ನೊಬ್ಬರು ನಾರ್ವೇಯ ಉತ್ತರದ ದ್ವೀಪ ಸ್ವಾಲ್‌ಬಾರ್ಡ್ ಅಂತಾರ. ಎರಡನೇದು, ಸಾಮಾನು ಬೆನ್ನಿಗೆ ಹಾಕ್ಕೊಳ್ಳೋದೋ, ಎಳಿಯೋ ಗಾಡಿ ತಗೊಳ್ಳೋದೋ?

ಕಪ್ಪತಗುಡ್ಡ_ಗದಗ:

ಸ್ವಾಲ್‌ಬಾರ್ಡ್ ಮರೀರಿ. ಅದು 78 ಡಿಗ್ರಿ ಉತ್ತರ, ಊರ ಹೊರಗ ಬಿಳಿ ಕರಡಿ, ಗೈಡ್ ಇಲ್ಲದ ಹೊಸಬರು ಹೋಗೋ ಜಾಗಾ ಅಲ್ಲ. ಷೆಂಗೆನ್ ಒಳಗೂ ಬರಂಗಿಲ್ಲ, ನಾರ್ವೇಯಿಂದ ಹೋಗಿ ಬರಾಕ ಎರಡು ಸಲ ಒಳಗ ಬಿಡೋ ವೀಸಾ ಬೇಕು.

ಅಬಿಸ್ಕೋ ಮಾತು ಬ್ಯಾರೆ. ಪಶ್ಚಿಮದ ಗುಡ್ಡ ಮೋಡ ತಡದು ಅದನ್ನ ಮಳಿನೆರಳಿನ ಜಾಗಾ ಮಾಡ್ಯಾವು, ವರ್ಷಕ್ಕ ಬೀಳೋದು 300 ಮಿ.ಮೀ. ಆಸುಪಾಸು. ಅಂದ್ರ ಆಕಾಶ ತೆರವು, ಅರೋರಾ ಕಾಣೋ ಛಾನ್ಸ್ ಜಾಸ್ತಿ. ಸ್ಟಾಕ್‌ಹೋಮಿನಿಂದ ನಾರ್ವಿಕ್ಕಿಗೆ ಹೋಗೋ ರಾತ್ರಿ ಟ್ರೇನ್ ಅಲ್ಲೇ ನಿಲ್ಲತೈತಿ. ಅಲ್ಲಿಂದ ಕುಂಗ್ಸ್‌ಲೆಡೆನ್ ಹಾದಿ ಹಿಡಿದು 15 ಕಿ.ಮೀ. ನಡದ್ರ ಅಬಿಸ್ಕೋಯಾವುರೆ ಗುಡಿಸಲು. ಚಳಿಗಾಲದ ಹಾದಿಗೆ ಕಂಬದ ಮ್ಯಾಲ ಕೆಂಪು ಅಡ್ಡಗುಣಕದ (X) ಗುರುತು ಇರತಾವು. ಗುಡಿಸಲು ನೋಡಿಕೊಳ್ಳೋ ಮನಷ್ಯಾ ಅಲ್ಲೇ ಇರತಾನ, ಕಟ್ಟಿಗಿ, ಗ್ಯಾಸ್ ಒಲಿ, ಸಣ್ಣ ಅಂಗಡಿ ಎಲ್ಲಾ ಐತಿ. ಕುಡಿಯೋ ನೀರು ಐಸಿನಾಗ ಕೊರದ ತೂತಿನಿಂದ ತರೋದು. ಹೊಸಬರಿಗೆ ಇದು ಸಾರಿಸೆಲ್ಕಾಕ್ಕಿಂತ ಸಲೀಸು, ಗಾಳಿ ಮಾತ್ರ ಜಾಸ್ತಿ. ಒಂದನ್ನ ಹಿಡೀರಿ. ಒಂದ ವಾರದಾಗ ಎರಡೂ ಮಾಡಾಕ ಹೋದ್ರ ಅರ್ಧ ರಜೆ ಬಸ್ಸು, ಟ್ರೇನಿನಾಗ ಹೋಗತೈತಿ.

ಬ್ಯಾಡಗಿ_ಖಾರ:

ಅಬಿಸ್ಕೋ ಆದ್ರೆ ಸ್ಟೋವ್ ವಿಚಾರವನ್ನೇ ಬಿಡಿ, ಒಂದು ಥರ್ಮಾಸ್ ಹೆಚ್ಚು ತಗೊಳ್ಳಿ. ನೀರಿನ ಬಾಟ್ಲಿ ತಲೆಕೆಳಗೆ ಇಡಿ, ನೀರು ಮೇಲಿನಿಂದ ಹೆಪ್ಪುಗಟ್ತದೆ, ಮುಚ್ಚಳ ತೆರೆದಿರ್ತದೆ.

ಸಾಧನಕೇರಿ_ದಂಡಿ:

ಸಾಮಾನಿಗೆ ಪುಲ್ಕಾ ತಗೋರಿ, ಎಳಿಯೋ ತಗ್ಗಿನ ಜಾರುಗಾಡಿ ಅದು, ಅಲ್ಲೇ ಬಾಡಗಿಗೆ ಸಿಗತದ. ಬೆನ್ನ ಮ್ಯಾಲ 15 ಕಿಲೋ ಹೊತ್ರ ಬೆನ್ನು ಬೆವರತದ, ಕಾಲೂ ಹಿಮದಾಗ ಇನ್ನೂ ಆಳಕ್ಕ ಹೋಗತಾವ. ಬರೇ ಹಗ್ಗದ್ದು ಬ್ಯಾಡ, ಇಳಿಜಾರಿನಾಗ ಹಿಂದಿನಿಂದ ಬಂದು ಹಿಮ್ಮಡಕ್ಕ ಗುದ್ದತದ. ಗಟ್ಟಿ ದಂಡಿಗಿ ಇರೋದನ್ನ ಕೇಳ್ರಿ. ಭಾರದ ಸಾಮಾನು ನಡುವಿನಿಂದ ತುಸು ಹಿಂದಕ್ಕ, ತಳಕ್ಕ ಹಾಕಿ ಕಟ್ರಿ, ಇಲ್ಲಂದ್ರ ಓರಿ ಜಾಗಾದಾಗ ಮಗ್ಗಲಾಗತದ.

ತಯಾರಿ ಈಗಿಂದ ಚಾಲೂ ಮಾಡ್ರಿ. ಪಂಕ್ಚರ್ ಅಂಗಡಿಯಿಂದ ಕಾರಿನ ಹಳೇ ಟೈರ್ ಒಂದು ತಗೊಂಡು, ಮೂರು ಮೀಟರ್ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿ ಬೆನ್ನುಚೀಲದ ಸೊಂಟಪಟ್ಟಿಗೆ ಕಟ್ಕೋರಿ. ಮಣ್ಣಿನ ಮೈದಾನದಾಗ ವಾರಕ್ಕ ಮೂರು ದಿನ, ಮೊದಲ ಅರ್ಧ ತಾಸು, ಆಮ್ಯಾಲ ಒಂದೂವರಿ ತಾಸಿನ ತನಕ ಏರಿಸ್ರಿ. ಡಾಂಬರ್ ರಸ್ತೆ ಮ್ಯಾಲ ಬ್ಯಾಡ, ಹಗ್ಗ ಜಗ್ಗಿದಂಗ ಸೊಂಟ ಹಿಡಕೋತದ. ಮುಂದಕ್ಕ ಬಾಗಿ ಎಳಿಯೋ ಚಟ ಬಿದ್ರ ಅಲ್ಲಿ ಎರಡನೇ ದಿನನ ಬೆನ್ನು ನೋವು ಚಾಲೂ. ನೆಟ್ಟಗ ನಿಂತು ಸಣ್ಣ ಹೆಜ್ಜಿ ಇಡೋದು ಕಲೀರಿ. ಮಂದಿ ನೋಡಿ ನಗತಾರ, ನಗಲಿ.

ಕಾಗದಪತ್ರ_ಧಾರವಾಡ:

ದಿಕ್ಸೂಚಿಯನ್ನು ಇಲ್ಲಿಂದ ಒಯ್ಯುವ ಮುಂಚೆ ಒಮ್ಮೆ ನೋಡಿ. ಉತ್ತರಕ್ಕೆ ಹೋದಂತೆ ಭೂಮಿಯ ಕಾಂತರೇಖೆ ನೆಲದೊಳಕ್ಕೆ ಬಾಗುತ್ತ ಹೋಗುತ್ತದೆ. ನಮ್ಮ ಅಕ್ಷಾಂಶಕ್ಕೆ ತೂಗಿಸಿದ ಮುಳ್ಳು ಅಲ್ಲಿ ತಲೆ ಬಗ್ಗಿಸಿ ತಳಕ್ಕೆ ತಾಗಿ ಅಂಟಿಕೊಳ್ಳುತ್ತದೆ, ತಿರುಗುವುದಿಲ್ಲ. ಎಲ್ಲ ಕಡೆಗೂ ನಡೆಯುವ ಮುಳ್ಳಿನದನ್ನು, ಇಲ್ಲವೇ ಅಲ್ಲಿಯ ಅಂಗಡಿಯದನ್ನೇ ಕೊಳ್ಳಿ. ಫಿನ್ನಿಷ್ ಲ್ಯಾಪ್‌ಲ್ಯಾಂಡಿನಲ್ಲಿ ಮುಳ್ಳು ತೋರುವ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಹತ್ತು ಡಿಗ್ರಿಗಿಂತ ಹೆಚ್ಚು ಅಂತರವಿದೆ, ಪೂರ್ವದ ಕಡೆಗೆ. ಲೆಕ್ಕ ಬಿಟ್ಟರೆ ಒಂದು ಕಿಲೋಮೀಟರಿಗೆ 175 ಮೀಟರಿಗಿಂತ ಹೆಚ್ಚು ತಪ್ಪುತ್ತದೆ, ಮಂಜಿನಲ್ಲಿ ಗುಡಿಸಲನ್ನು ದಾಟಿ ಹೋಗಲು ಅಷ್ಟು ಸಾಕು. 1:50,000 ಅಳತೆಯ ಕಾಗದದ ನಕ್ಷೆಯ ಅಂಚಿನಲ್ಲಿ ಆ ವರ್ಷದ ಅಂಕಿ ಅಚ್ಚಾಗಿರುತ್ತದೆ. ಹೊರಡುವ ಮುಂಚೆ ದಿಕ್ಸೂಚಿಯಲ್ಲಿ ಅದನ್ನು ಹೊಂದಿಸಿಕೊಳ್ಳಿ. ಫೋನು ಒಳಗಿನ ಕಿಸೆಯಲ್ಲಿ, ಏರೋಪ್ಲೇನ್ ಮೋಡಿನಲ್ಲಿ ಇರಲಿ.